ಹಳೇ ಕಂಪ್ಯೂಟರ್ ಸ್ಲೋ, ಒಳಗೆ ಟಕ್ ಟಕ್ ಸದ್ದು

ಪ್ರಶ್ನೆ: ಸರ್, ನಮ್ಮನೆ ಡೆಸ್ಕ್‌ಟಾಪ್ ತುಂಬಾ ಹಳೇದು, ವಿಂಡೋಸ್ 10, 4 ಜಿಬಿ ರ‍್ಯಾಮ್. ಆನ್ ಆಗೋಕೇ ಹತ್ತು ನಿಮಿಷ ತಗೊಳುತ್ತೆ, ಈಗೀಗ ಒಳಗಿಂದ ಟಕ್ ಟಕ್ ಅಂತ ಸದ್ದು ಬೇರೆ. ಫಾರ್ಮ್ಯಾಟ್ ಮಾಡಿಸಿದ್ರೆ ಸರಿಹೋಗುತ್ತಾ?
– ಓದುಗರೊಬ್ಬರು, ಶಿರಸಿ

ಉತ್ತರ: ಫಾರ್ಮ್ಯಾಟ್ ವಿಷಯ ಆಮೇಲೆ, ಮೊದಲು ಫೋಟೋ, ದಾಖಲೆ ಎಲ್ಲಾ ಬೇರೆ ಡಿಸ್ಕ್‌ಗೆ ಕಾಪಿ ಮಾಡ್ಕೊಳ್ಳಿ. ಯಾಕಂದ್ರೆ ಆ ಸದ್ದು ಸಾಮಾನ್ಯವಾಗಿ ಹಾರ್ಡ್ ಡಿಸ್ಕ್ ಒಳಗಿನ ಹೆಡ್ ಡೇಟಾ ಓದೋಕಾಗದೆ ಮತ್ತೆ ಮತ್ತೆ ವಾಪಸ್ ಹೋಗಿ ಬರೋದ್ರಿಂದ ಬರೋದು, ಅಂಥ ಡಿಸ್ಕ್ ಯಾವಾಗ ಬೇಕಾದ್ರೂ ಕೈಕೊಡಬಹುದು. ದಯವಿಟ್ಟು ಡಿಫ್ರ್ಯಾಗ್ (ಡಿಸ್ಕ್‌ನಲ್ಲಿ ಚದುರಿರೋ ಫೈಲ್ ತುಣುಕುಗಳನ್ನ ಒಟ್ಟುಗೂಡಿಸೋ ಕೆಲಸ) ಮಾತ್ರ ಮಾಡ್ಬೇಡಿ, ಹೊರೆ ಇನ್ನೂ ಜಾಸ್ತಿಯಾಗುತ್ತೆ. ಕಾಪಿ ಆದ್ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ, ಡಿಸ್ಕ್ ಆರೋಗ್ಯ ತೋರಿಸೋ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ, ಅದ್ರಲ್ಲಿ ‘ರೀಅಲೊಕೇಟೆಡ್ ಸೆಕ್ಟರ್ಸ್’, ‘ಕರೆಂಟ್ ಪೆಂಡಿಂಗ್ ಸೆಕ್ಟರ್ಸ್’ (ಕೆಟ್ಟು ಬದಲಿ ಜಾಗಕ್ಕೆ ಹೋದ ಮತ್ತು ಓದೋಕೆ ಕಷ್ಟವಾಗ್ತಿರೋ ಭಾಗಗಳ ಲೆಕ್ಕ) ಅನ್ನೋ ಸಾಲುಗಳ ಕೊನೇ ಅಂಕಿ ಏರ್ತಾ ಇದ್ರೆ ಫಾರ್ಮ್ಯಾಟ್‌ನಿಂದ ಸರಿಹೋಗಲ್ಲ, ಡಿಸ್ಕ್ ಬದಲಾಯಿಸೋದೇ ದಾರಿ. ಅದರ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ಚಿಪ್‌ನಲ್ಲಿ ಡೇಟಾ ಇಡೋ ಡಿಸ್ಕ್) ಹಾಕ್ಸಿ, ಹಳೇ ಕೇಬಲ್‌ಗೇ ಕೂರುತ್ತೆ, ತಿರುಗೋ ಪ್ಲೇಟೇ ಇಲ್ಲದ್ರಿಂದ ಕಂಪ್ಯೂಟರ್ ಆನ್ ಆಗೋ ವೇಗದಲ್ಲೇ ವ್ಯತ್ಯಾಸ ಕಾಣುತ್ತೆ. ಮದರ್‌ಬೋರ್ಡ್‌ನಲ್ಲಿ ಸ್ಲಾಟ್ ಖಾಲಿ ಇದ್ರೆ ರ‍್ಯಾಮ್ 8 ಜಿಬಿ ಮಾಡ್ಸಿ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಬ್ರೌಸಿಂಗ್, ಟೈಪಿಂಗ್ ಅಷ್ಟೇ ಸಾಕು ಅಂದ್ರೆ ಹೊಸ ಎಸ್‌ಎಸ್‌ಡಿಗೆ ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಹಾಕ್ಸಿ.