ತುಲೂಸಿಗೆ ಬರುವ ತಮ್ಮನಿಗೆ

ತಮ್ಮಾ, ಬೆಂಗಳೂರು ಬಿಟ್ಟು ತುಲೂಸಿನ ವಿಮಾನ ಕಂಪನಿ ಕೆಲಸಕ್ಕೆ ಬರ್ತಿದ್ದೀನಿ, ಫ್ರೆಂಚ್ ಅಷ್ಟಕ್ಕಷ್ಟೇ, ಅಲ್ಲಿನ ಜನರ ಜೊತೆ ಬೆರೆಯೋದು ಹೇಗೆ ಅಕ್ಕಾ ಅಂತ ಕೇಳಿದ್ದೀಯ. ಮನೆ ಬಾಡಿಗೆ, ಬ್ಯಾಂಕು, ವೀಸಾ ಇದೆಲ್ಲ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ಹೇಳೋದು ಒಂದೇ: ಬಂದ ವರ್ಷವೇ ಟಾಪ್ 14, ಅಂದರೆ ಫ್ರಾನ್ಸಿನ ಕ್ಲಬ್ಬುಗಳ ಅತಿ ದೊಡ್ಡ ರಗ್ಬಿ ಲೀಗಿನ ಒಂದು ಸೀಸನ್ ಪೂರ್ತಿ ನೋಡು.

ನಾನು ಬಂದ ಹೊಸದರಲ್ಲಿ ಸೋಮವಾರ ಬೆಳಿಗ್ಗೆ ಕಾಫಿ ಮೆಷಿನ್ ಹತ್ತಿರ ಸುಮ್ಮನೆ ನಿಂತಿರ್ತಿದ್ದೆ. ಎಲ್ಲರ ಬಾಯಲ್ಲೂ "ಸ್ತಾದ್, ಸ್ತಾದ್". ಫ್ರೆಂಚಿನಲ್ಲಿ ಸ್ತಾದ್ ಅಂದರೆ ಕ್ರೀಡಾಂಗಣ, ಯಾವುದೋ ಕ್ರೀಡಾಂಗಣ ಕಟ್ಟಿಸ್ತಿದ್ದಾರೆ ಅಂದ್ಕೊಂಡಿದ್ದೆ. ಅವರು ಹೇಳ್ತಿದ್ದದ್ದು ಊರಿನ ಕ್ಲಬ್ಬು ಸ್ತಾದ್ ತುಲೂಸೆನ್ ಬಗ್ಗೆ. ಕೊಡಗಿನ ಮನೆಗಳಲ್ಲಿ ಹಾಕಿ ಹೇಗೋ, ಫ್ರಾನ್ಸಿನ ಈ ಮೂಲೆಯಲ್ಲಿ ರಗ್ಬಿ ಹಾಗೆ. ನನಗೆ ಕಲಿಸಿದ್ದು ಪಕ್ಕದ ಮನೆಯ ಅಜ್ಜಿ. ಗೆದ್ದರೆ 4 ಅಂಕ. ಸೋತರೂ ಅಂತರ 5ರೊಳಗಿದ್ದರೆ 1 ಅಂಕ ಸಿಗುತ್ತೆ. ಅದಕ್ಕೇ ಸೋಲ್ತಾ ಇರೋ ತಂಡ ಕೊನೇ ನಿಮಿಷದವರೆಗೂ ಬಿಡಲ್ಲ, ನೀನೂ ಎದ್ದು ಹೋಗಬೇಡ ಅಂತಿದ್ದರು.

ಸೆಪ್ಟೆಂಬರಿನಿಂದ ಜೂನ್ ಕೊನೆವರೆಗೆ, 14 ತಂಡ, 26 ಸುತ್ತು. ಫೆಬ್ರವರಿಯಲ್ಲಿ ಒಳ್ಳೊಳ್ಳೆ ಆಟಗಾರರನ್ನ ಫ್ರಾನ್ಸ್ ತಂಡ ಕರ್ಕೊಂಡು ಹೋದರೂ ಲೀಗ್ ನಿಲ್ಲಲ್ಲ, ಹುಡುಗರನ್ನ ಇಳಿಸ್ತಾರೆ. ಆಗಲೇ ಹೋಗಿ ನೋಡು. ನಾಳೆ ದೊಡ್ಡ ಹೆಸರು ಮಾಡೋರನ್ನ ಇವತ್ತೇ ಕಂಡ ಹಾಗಾಗುತ್ತೆ.

2024-25ರ ಸೀಸನ್ ನಾನು ಸಾಯೋವರೆಗೂ ಮರೆಯಲ್ಲ. ಹಿಂದಿನ ಫೈನಲ್‌ನಲ್ಲಿ ನಮ್ಮವರು ಬೋರ್ಡೋ ತಂಡವನ್ನ 59-3ರಲ್ಲಿ ನೆಲಕ್ಕೆ ಹಾಕಿದ್ದರು. ಈ ಸಲವೂ ಎದುರಿಗೆ ಅವರೇ, ಅದೂ ತಿಂಗಳ ಹಿಂದೆ ಯುರೋಪಿನ ಕಪ್ ಗೆದ್ದು ಬಂದವರು. ನಮ್ಮ ತಂಡದ ದೊಡ್ಡ ತಾರೆ ದ್ಯುಪೋಂ ಮಾರ್ಚ್‌ನಲ್ಲೇ ಡಬ್ಲಿನ್‌ನಲ್ಲಿ ಫ್ರಾನ್ಸ್ ಪರ ಆಡ್ತಾ ಮಂಡಿಗೆ ದೊಡ್ಡ ಪೆಟ್ಟು ಮಾಡ್ಕೊಂಡು ಕೂತಿದ್ದ. ಜೂನ್ 28ರ ರಾತ್ರಿ ಅಜ್ಜಿ ಮನೆಯಲ್ಲಿ ಕಿಟಕಿ ತೆರೆದಿಟ್ಟು ಟಿವಿ ನೋಡಿದೆವು, ಅಷ್ಟು ಸೆಕೆ. 80 ನಿಮಿಷ ಮುಗಿದಾಗ 33-33. ಹೆಚ್ಚುವರಿ ಆಟದಲ್ಲಿ ನಮ್ಮ ರಾಮೋಸ್ ಪೆನಾಲ್ಟಿ ಒದೆಯೋಕೆ ನಿಂತಾಗ ಅಜ್ಜಿ ನನ್ನ ಕೈ ಹಿಡಿದರು, ಬಿಡಲೇ ಇಲ್ಲ. 39-33. ಇಡೀ ಬೀದಿಯ ಕಿಟಕಿಗಳಿಂದ ಒಂದೇ ಕೂಗು. ಕ್ಲಬ್ಬಿಗೆ 24ನೇ ಪ್ರಶಸ್ತಿ. ಮೊದಲನೆಯದು ಬಂದಿದ್ದು 1912ರಲ್ಲಿ.

ಗೆದ್ದವರಿಗೆ ಸಿಗೋದು ಬ್ರೆನ್ಯೂಸ್ ಫಲಕ. ಜನ ಅದನ್ನ ಪ್ರೀತಿಯಿಂದ "ಮರದ ತುಂಡು" ಅಂತಾರೆ. ಕ್ಯಾಪಿಟೋಲ್ ಚೌಕದಲ್ಲಿ ಆಟಗಾರರು ಬಾಲ್ಕನಿಗೆ ಬಂದು ಅದನ್ನ ಎತ್ತಿ ತೋರಿಸ್ತಾರೆ.

ಸೋತವರ ಕಥೆಯನ್ನೂ ಕೇಳಿಸ್ಕೋ, ಇಲ್ಲಿನ ಜನ ಅದನ್ನ ಅಷ್ಟೇ ಗೌರವದಿಂದ ಮಾತಾಡ್ತಾರೆ. ಬ್ರಿಟನಿ ಪ್ರದೇಶದಿಂದ ಮೊಟ್ಟಮೊದಲು ಟಾಪ್ 14ಕ್ಕೆ ಮೇಲೆ ಬಂದ ವಾನ್ ತಂಡ ಅದೇ 2024-25ರಲ್ಲಿ ಕಡೇ ಸ್ಥಾನಕ್ಕಿಳಿದು ಕೆಳಗಿನ ದರ್ಜೆಗೆ ವಾಪಸ್ ಹೋಯ್ತು. ಆ ಕೆಳಗಿನ ದರ್ಜೆಯಲ್ಲಿದ್ದ ಗ್ರೆನೋಬ್ಲ್ ತಂಡ ಟಾಪ್ 14ಕ್ಕೆ ಮೇಲೇರುವ ಪಂದ್ಯವನ್ನ 2023, 2024, 2025, ಮೂರು ವರ್ಷ ಸಾಲಾಗಿ ಸೋತಿತು. ಕೊನೇ ಸಲ 13-11. ನಮ್ಮ ಆಫೀಸಿನಲ್ಲಿ ಆ ಊರಿನವನೊಬ್ಬ ಇದ್ದಾನೆ. ಆ ಸೋಮವಾರ ಅವನಿಗೆ ನಾನೇ ಕಾಫಿ ತಂದುಕೊಟ್ಟೆ, ನನ್ನ ಹರಕು ಫ್ರೆಂಚಿನಲ್ಲೇ ಅರ್ಧ ಗಂಟೆ ಮಾತಾಡಿದೆವು.

ಬಂದ ವಾರವೇ ಫೋನ್ ಮಾಡು. ಸೆಟ್ ದನಿಯೆ ಬಡಾವಣೆಯಲ್ಲಿರೋ ಕ್ಲಬ್ಬಿನ ಎರ್ನೆಸ್ಟ್ ವಾಲೋಂ ಮೈದಾನಕ್ಕೆ ಒಟ್ಟಿಗೆ ಹೋಗೋಣ. ಕ್ಲಬ್ಬಿನ ಕೆಂಪು-ಕಪ್ಪು ಸ್ಕಾರ್ಫ್ ನನ್ನ ಹತ್ತಿರ ಎರಡಿವೆ.