ಐದನೇ ಸೆಮಿಸ್ಟರ್‌ನಲ್ಲಿ ಯುವಜನೋತ್ಸವದ ನಾಟಕಕ್ಕೆ ಸೇರಬಹುದಾ? ಓದು ಹಾಳಾಗುತ್ತಾ? ಅದರ ಬದಲು ಸೆಮಿನಾರ್‌ಗಳಿಗೆ ಹೋಗುವುದು ಒಳ್ಳೆಯದಾ?

ಸೇರಿ. ನನ್ನ ಒಂದು ವರ್ಷವನ್ನು ನಾಟಕ ನುಂಗಿತು ಅಂತ ನಮ್ಮ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ನುಂಗಿದ್ದು ನಾಟಕ ಅಲ್ಲ, ಮಧ್ಯಾಹ್ನ ಮೂರಕ್ಕೆ ಇಟ್ಟ ತಾಲೀಮು.

ನಂದೂ ಐದನೇ ಸೆಮಿಸ್ಟರೇ. ಬಿಎಸ್ಸಿ, ಮೈಸೂರಿನ ಒಂದು ಕಾಲೇಜು. ಈ ಊರಲ್ಲಿ ಓದಿದವರಿಗೆ ಗೊತ್ತು, ಎಲ್ಲ ಗಲಾಟೆಯೂ ಆ ಸೆಮಿಸ್ಟರ್‌ಗೇ ಬಂದು ಬೀಳುತ್ತದೆ. ಹಾಸ್ಟೆಲಿನಲ್ಲಿ ಗಣೇಶ ಕೂರಿಸಬೇಕು. ದಸರಾಕ್ಕೆ ಮುಂಚೆ ವಿಶ್ವವಿದ್ಯಾಲಯದ ಕ್ಯಾಂಪಸ್ಸು ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಕಾಲೇಜು ಹುಡುಗರು ಕುಣಿಯುವ ಯುವ ಸಂಭ್ರಮ. ಅದು ಮುಗಿದು ಉಸಿರು ಬಿಡುವಷ್ಟರಲ್ಲಿ ನವೆಂಬರ್ 1, ರಾಜ್ಯೋತ್ಸವ. ಇದರ ನಡುವೆ ನಮ್ಮ ಏಕಾಂಕ.

ನನಗೆ ಸಿಕ್ಕಿದ್ದು ಎಪ್ಪತ್ತು ವರ್ಷದ ತಾತನ ಪಾತ್ರ. ತಲೆಗೆ ಪೌಡರ್ ಸುರಿದುಕೊಂಡು ತಾಲೀಮು ಮಾಡುತ್ತಿದ್ದೆ. ಎಷ್ಟು ತೊಳೆದರೂ ಕಿವಿಯ ಹಿಂದೆ ಒಂದಿಷ್ಟು ಉಳಿದೇ ಇರುತ್ತಿತ್ತು. ಬೆಳಗಿನ ಕ್ಲಾಸಲ್ಲಿ ಹಿಂದಿನ ಬೆಂಚಿನವರು "ತಾತ, ಮಾತ್ರೆ ತಗೊಂಡ್ಯಾ?" ಅನ್ನೋರು.

ಯುವಜನೋತ್ಸವದ ಏಕಾಂಕಕ್ಕೆ 30 ನಿಮಿಷ, 9 ಜನ. ಲೆಕ್ಕ ಖಾಲಿ ರಂಗದಿಂದ ಖಾಲಿ ರಂಗಕ್ಕೆ. ಅಂದರೆ ಕೊನೇ ಮಾತು ಮುಗಿದರೆ ಸಾಲದು, ಕೊನೇ ಮನುಷ್ಯನೂ ಒಳಗೆ ಹೋಗಿರಬೇಕು. ನಮ್ಮ ತಾತ ಕೋಲೂರಿಕೊಂಡು ನಿಧಾನಕ್ಕೆ ಒಳಗೆ ನಡೆಯುವುದಕ್ಕೇ ಒಂದೂವರೆ ನಿಮಿಷ ಹಿಡಿಯುತ್ತಿತ್ತು! ಕತ್ತರಿಸಿ ಕತ್ತರಿಸಿ ಮೂವತ್ತಕ್ಕೆ ತರೋದಕ್ಕೆ ಮೂರು ವಾರ ಬೇಕಾಯಿತು. ದಿನಾ ಮೂರು ಗಂಟೆಗೆ ತಾಲೀಮು ಶುರು, ಯಾಕಂದರೆ ಸೆಮಿನಾರ್ ಹಾಲ್ ಖಾಲಿಯಾಗುತ್ತಿದ್ದದ್ದೇ ಆಗ.

ನನ್ನ ತಪ್ಪು ಇಲ್ಲೇ. ದಯವಿಟ್ಟು ಈ ಭಾಗವನ್ನು ಎರಡು ಸಲ ಓದಿ.

ಮೂರರಿಂದ ನಾಲ್ಕು ದಿನದ ಕೊನೇ ಪೀರಿಯಡ್. ಅದರಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಒಂದೇ ಗಣಿತದ ಪೇಪರ್. ನಾನು ದಿನಕ್ಕೆ ಒಂದೇ ಕ್ಲಾಸ್ ತಪ್ಪಿಸುತ್ತಿದ್ದೇನೆ, ಇದೇನು ಮಹಾ ಅಂದುಕೊಂಡೆ. ನಿಜವಾಗಿ ಮೂರು ವಾರ ಆ ಪೇಪರಿನ ಒಂದು ಕ್ಲಾಸಿಗೂ ಹೋಗಿರಲಿಲ್ಲ. ಮೂರು ಮೂರಲಿ ಒಂಬತ್ತು. ಅದಕ್ಕೆ ಮುಂಚೆ ಜ್ವರ ಬಂದು ಎರಡು ತಪ್ಪಿತ್ತು. ಒಟ್ಟು ಹನ್ನೊಂದು. ಆ ಸೆಮಿಸ್ಟರ್ ಆ ಪೇಪರ್‌ಗೆ ನಡೆದದ್ದು 42 ಕ್ಲಾಸ್. ನಾನು ಹಾಜರಿದ್ದದ್ದು 31. ಭಾಗಿಸಿ ನೋಡಿ, ನೂರಕ್ಕೆ 73.8. ಪರೀಕ್ಷೆಗೆ ಕೂರಲು ಬೇಕಿದ್ದದ್ದು 75. ಇನ್ನೊಂದು ಕ್ಲಾಸಲ್ಲಿ ಕೂತಿದ್ದರೆ 76 ದಾಟುತ್ತಿತ್ತು. ಒಂದೇ ಒಂದು! ಹಿಂದಿನ ಬೆಂಚಲ್ಲಿ ನಿದ್ದೆ ಮಾಡಿದ್ದರೂ ಆಗುತ್ತಿತ್ತು.

ಆಫೀಸಿನಲ್ಲಿ ಹಾಜರಾತಿ ಕೇಳಿರಲಿಲ್ಲ ಅಂತಲ್ಲ. ಕೇಳಿದ್ದೆ. "84 ಇದೆ ಹೋಗಯ್ಯ" ಅಂದರು. ಅದು ಎಲ್ಲ ವಿಷಯ ಸೇರಿಸಿ ಹೇಳಿದ ಲೆಕ್ಕ. ಪರೀಕ್ಷೆಗೆ ನೋಡೋದು ಒಂದೊಂದು ವಿಷಯದ ಲೆಕ್ಕವನ್ನ. ಇದು ನನಗೆ ಗೊತ್ತಾಗಿದ್ದು ನೋಟಿಸ್ ಬೋರ್ಡಲ್ಲಿ ನನ್ನ ರೋಲ್ ನಂಬರ್ ಕೆಳಗೆ ಕೆಂಪು ಗೆರೆ ಕಂಡಾಗ. ಆಫೀಸಿಗೆ ಓಡಿ ಹೋಗಿ ಆನ್ ಡ್ಯೂಟಿ (ಓ.ಡಿ.) ಪತ್ರ ತೋರಿಸಿದೆ. ಅದರಲ್ಲಿ ಇದ್ದದ್ದು ಸ್ಪರ್ಧೆಯ ಮೂರು ದಿನ ಮಾತ್ರ, ಅದನ್ನು ಅವರು ಆಗಲೇ ಹಾಜರಿ ಅಂತ ಹಿಡಿದಿದ್ದರು. ತಾಲೀಮಿಗೆ ಓ.ಡಿ. ಇಲ್ಲ. ಮೇಷ್ಟ್ರು "ಹೋಗಿ ಬಾರಯ್ಯ, ನೋಡೋಣ" ಅಂದಿದ್ದರು ನಿಜ. ಅವರ ಒಳ್ಳೇತನ ರಿಜಿಸ್ಟರಿನಲ್ಲಿ ಎಲ್ಲಿ ಬರೆಯೋದು?

ಆ ಪೇಪರ್ ಮತ್ತೆ ಬಂದದ್ದು ಮುಂದಿನ ವರ್ಷದ ಐದನೇ ಸೆಮಿಸ್ಟರ್‌ಗೆ. ಗೆಳೆಯರು ಎಂಎಸ್ಸಿಗೆ ಮಾನಸಗಂಗೋತ್ರಿಗೆ ಹೋದರು. ನಾನು ಜೂನಿಯರ್‌ಗಳ ಜೊತೆ ಮೊದಲ ಬೆಂಚಿನಲ್ಲಿ ಕೂತೆ. (ನಾಟಕಕ್ಕೆ ಎರಡನೇ ಬಹುಮಾನ ಬಂತು. ಕೇಳೋದಿಲ್ಲ ನೀವು, ಆದರೂ ಹೇಳಿದೆ.)

ಹಾಗಾಗಿ "ನಾಟಕವಾ, ಓದಾ" ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮೂರು ವಾರದಲ್ಲಿ ಯಾರ ಓದೂ ಹಾಳಾಗಲ್ಲ. ತಾಲೀಮು ಎಷ್ಟು ಗಂಟೆಗೆ ಅಂತ ಕೇಳಿ. ಆ ಗಂಟೆಯಲ್ಲಿ ಯಾವ ಪೇಪರ್ ಇದೆ ನೋಡಿ. ಒಂದೇ ಪೇಪರ್ ಸಿಕ್ಕಿಬೀಳುತ್ತಿದ್ದರೆ ಸಂಜೆ ನಾಲ್ಕೂವರೆಗೆ ಮಾಡಿ ಅಂತ ಜಗಳ ಆಡಿ. ಹಾಲ್ ಸಿಗದಿದ್ದರೆ ಸೈಕಲ್ ಸ್ಟ್ಯಾಂಡ್ ಹಿಂದೆ ಮಾಡಿ, ನಾಟಕಕ್ಕೆ ಏನೂ ಆಗಲ್ಲ. ನೀವು ವಿಟಿಯು (ಎಂಜಿನಿಯರಿಂಗ್ ವಿಶ್ವವಿದ್ಯಾಲಯ) ಕಾಲೇಜಾದರೆ ಇನ್ನೂ ಹುಷಾರು, ಅಲ್ಲಿ ಪ್ರತಿ ವಿಷಯಕ್ಕೂ ನೂರಕ್ಕೆ 85 ಬೇಕು. ಸರಿಯಾದ ಕಾರಣ ಇದ್ದರೆ ಅರ್ಜಿ ಹಾಕಿ ಶೇಕಡಾ ಹತ್ತರವರೆಗೆ ಮನ್ನಾ ಕೇಳಬಹುದು, ಆದರೆ ಅದನ್ನು ನಂಬಿಕೊಂಡು ಕೂರಬೇಡಿ.

ಸೆಮಿನಾರ್ ವಿಷಯ. ಇನ್ನೂರು ಜನಕ್ಕೆ ಒಂದೇ ಥರದ ಸರ್ಟಿಫಿಕೇಟ್, ಹನ್ನೊಂದು ಗಂಟೆಗೆ ಟೀ ಬಿಸ್ಕತ್ತು, ಊಟ ಆದ ಮೇಲೆ ಅರ್ಧ ಹಾಲ್ ಖಾಲಿ. ನೀವೇ ಒಂದು ಪೇಪರ್ ಬರೆದು ಓದುತ್ತೀರಾದರೆ ಹೋಗಿ. ಸುಮ್ನೆ ಫೈಲಿಗೆ ಹಾಳೆ ಸೇರಿಸಲು ಹೋಗೋದಾದರೆ ಬೇಡ. ನಾಟಕಕ್ಕೂ ಅದೇ ಮಾತು. ರೆಸ್ಯೂಮೆಗೆ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನನ್ನು ಯಾವ ಇಂಟರ್‌ವ್ಯೂನಲ್ಲೂ ತಾತನ ಬಗ್ಗೆ ಕೇಳಿಲ್ಲ. ಆ ಒಂದು ವರ್ಷ ಎಲ್ಲಿ ಹೋಯಿತು ಅಂತ ಮಾತ್ರ ಎಲ್ಲರೂ ಕೇಳಿದರು.

ಪಾರ್ಟು ಯಾವುದು ಕೊಟ್ಟಿದ್ದಾರೆ ನಿಮಗೆ? ಮುದುಕನದ್ದಾದರೆ ಪೌಡರ್ ಬೇಡ, ಬಿಳಿ ಬಣ್ಣ ಕೇಳಿ.