ನಮ್ಮ ಪೂರ್ವಜರು ಬ್ರಿಟಿಷ್ ಸೇನೆಯ '33ನೇ ಫುಟ್'ನಲ್ಲಿದ್ದರಂತೆ. ಆ ರೆಜಿಮೆಂಟ್ ಈಗ ಯಾಕೆ ಸಿಗುವುದಿಲ್ಲ?

ಅದು ಮಾಯವಾಗಿಲ್ಲ, ಹೆಸರು ಬದಲಾಗಿದೆ ಅಷ್ಟೇ. 1702ರಲ್ಲಿ ಕಟ್ಟಿದ ಈ ಕಾಲಾಳು ಪಡೆಗೆ, ನೆಪೋಲಿಯನ್‌ನನ್ನು ಸೋಲಿಸಿದ ಸೇನಾಪತಿ ಡ್ಯೂಕ್ ಆಫ್ ವೆಲಿಂಗ್ಟನ್ ತೀರಿಕೊಂಡ ಮರುವರ್ಷ, 1853ರಲ್ಲಿ, ಅವನ ಹೆಸರಿಟ್ಟರು. 1881ರಲ್ಲಿ 76ನೇ ಫುಟ್ ಜೊತೆ ಸೇರಿಸಿ ಅಂಕಿಯನ್ನೇ ಕೈಬಿಟ್ಟರು. 2006ರಲ್ಲಿ ಯಾರ್ಕ್‌ಷೈರ್ ರೆಜಿಮೆಂಟಿನಲ್ಲಿ ವಿಲೀನ.

ನಮಗೂ ಇದರ ನಂಟುಂಟು. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿನಲ್ಲಿ, ಕಗ್ಗತ್ತಲಲ್ಲಿ ದಿಕ್ಕು ತಪ್ಪಿ ಟಿಪ್ಪುವಿನ ಸೈನಿಕರಿಂದ ಪೆಟ್ಟು ತಿಂದದ್ದು ಇದೇ ಪಡೆ. ಮುಂದಾಳು? ಮುಂದೆ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿಯೇ!

ನಿಮ್ಮ ಪೂರ್ವಜರ ದಾಖಲೆ ಹುಡುಕಲು, ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಓ (ವಾರ್ ಆಫೀಸ್, ಅಂದರೆ ಸೇನಾ ಇಲಾಖೆ) 97 ಸರಣಿ ಮೊದಲು ನೋಡಿ. ಪಿಂಚಣಿ ಪಡೆದವರ ಬಿಡುಗಡೆ ಪತ್ರಗಳವು. ಹುಟ್ಟೂರು, ಹಳೆಯ ಕಸುಬು, ಎಷ್ಟೋ ಸಲ ಕಣ್ಣಿನ ಬಣ್ಣವೂ ಸಿಗುತ್ತದೆ. ಇಲ್ಲದಿದ್ದರೆ ಡಬ್ಲ್ಯೂಓ 12ರ ಹಾಜರಿ ಪಟ್ಟಿ.